ಹೊಡೆದ ಮೇಲೆ

ತಮ್ಮ ಎಸೆದ ದಾಳ ಮೇಜಿನ ಮೇಲೆ ಎರಡು ಸುತ್ತು ಉರುಳಿ ಆರಕ್ಕೆ ನಿಂತಿತು. ಅಕ್ಕನ ಜೀವ ಬಾಯಿಗೆ ಬಂತು. ದೈತ್ಯನಿಗೆ ಏಟು ತಗುಲಲು ಹದಿನಾಲ್ಕಾದರೂ ಬೇಕಿತ್ತು.

ದೈತ್ಯ ಕಾಗದದ ಮೇಲಿನವನು, ಹೆದರಬೇಡಿ. ಪ್ರತಿ ಭಾನುವಾರ ಮಧ್ಯಾಹ್ನ ಅಕ್ಕನ ಮನೆಯ ಊಟದ ಮೇಜಿನ ಸುತ್ತ ಮೂವರು ಕೂರುತ್ತಾರೆ. ಅಕ್ಕ ಕಥೆ ಹೇಳಿ ಆಟ ನಡೆಸುತ್ತಾಳೆ. ಉಳಿದಿಬ್ಬರು, ಅಂದರೆ ತಮ್ಮ ಮತ್ತು ಪಕ್ಕದ ಬೀದಿಯ ಕನ್ನಡಕದಂಗಡಿಯವರು, ಒಬ್ಬೊಬ್ಬ ವೀರನನ್ನು ಹಾಳೆಯಲ್ಲಿ ಬರೆದುಕೊಂಡು ಆ ಕಥೆಯೊಳಗೆ ನುಗ್ಗುತ್ತಾರೆ. ಏಟು ತಗುಲಿತೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕನ್ನಡಕದಂಗಡಿಯವರ ಬಿಲ್ಲುಗಾರ ಆಗಲೇ ಕಾಲು ಮುರಿದುಕೊಂಡು ಬಿದ್ದಿದ್ದ. ಸೇತುವೆಯ ಮೇಲೆ ದೈತ್ಯನಿಗೆ ಎದುರಾಗಿ ಉಳಿದವನು ತಮ್ಮನ ಜೋಡಿಕತ್ತಿಯವನೊಬ್ಬನೇ. ದೈತ್ಯನೂ ಇನ್ನೊಂದೇ ಏಟಿಗೆ ಬೀಳುವಂತಿದ್ದ, ಆದರೆ ಅವನು ಇನ್ನೊಂದು ಸಲ ಗದೆ ಬೀಸಿದರೆ ಜೋಡಿಕತ್ತಿಯವನ ಕಥೆ ಮುಗಿಯಿತು.

ತಮ್ಮ ಕಸುಬಿನಲ್ಲಿ ಟೈಲರ್. ಎರಡೂ ಕೈಯಲ್ಲಿ ಕತ್ತರಿ ಆಡಿಸುತ್ತಿದ್ದವನು. ಆ ಜಂಬದಲ್ಲೇ ಜೋಡಿಕತ್ತಿಯವನನ್ನು ಮಾಡಿಕೊಂಡಿದ್ದ, ಯಾವ ಕೈಯ ಕತ್ತಿಯೋ ಆ ಕೈಯಿಂದಲೇ ದಾಳ ಹಾಕಬೇಕು ಅಂತ ಈ ಮೇಜಿಗೊಂದು ನಿಯಮವನ್ನೂ ಮಾಡಿಟ್ಟಿದ್ದ. ನಾಲ್ಕು ತಿಂಗಳ ಹಿಂದೆ ಮೆಟ್ಟಿಲಿನಿಂದ ಜಾರಿ ಎಡಗೈ ನರಕ್ಕೆ ಪೆಟ್ಟಾಯಿತು. ಬಳಸಿದರೆ ಬರುತ್ತದೆ, ಬಳಸದಿದ್ದರೆ ಹೀಗೇ ಒಣಗುತ್ತದೆ ಎಂದರು ಡಾಕ್ಟರು. ಆಸಾಮಿ ಕೈಯನ್ನು ಜೇಬಿಗೆ ಹಾಕಿದವನು ಈಚೆ ತೆಗೆದಿರಲಿಲ್ಲ. ಅಂಗಡಿಗೆ ಬೀಗ ಬಿತ್ತು. ಆಟದಲ್ಲೂ ಅವನ ವೀರ ಒಂದೇ ಕತ್ತಿಯಲ್ಲಿ ಕಾದಾಡುತ್ತಿದ್ದ. "ಇದೊಂದಕ್ಕೇ ಮನೆಯಿಂದ ಹೊರಗೆ ಕಾಲಿಡೋದು ಅತ್ತಿಗೆ. ಇದೂ ನಿಂತ್ರೆ ಏನ್ ಮಾಡ್ಲಿ?" ಎಂದು ತಮ್ಮನ ಹೆಂಡತಿ ಫೋನಿನಲ್ಲಿ ಅತ್ತಿದ್ದಳು. ಅವನೋ, ಈ ಜೋಡಿಕತ್ತಿಯವನು ಸತ್ತ ದಿನವೇ ತನ್ನ ಆಟವೂ ಮುಗಿಯಿತು ಎಂದು ಹೋದ ವಾರವೇ ಘೋಷಿಸಿಬಿಟ್ಟಿದ್ದ.

"ತಪ್ಪೋಯ್ತು. ದೈತ್ಯನ ಸರದಿ," ಎಂದ ತಮ್ಮ.

"ಅದ್ಹೇಗೆ ಮಾಸ್ಟ್ರೇ? ಎಡಗೈ ಕತ್ತಿ ಇದೆಯಲ್ಲ!" ಕನ್ನಡಕದಂಗಡಿಯವರು ನಿಯಮದ ನೋಟ್‌ಬುಕ್ ಎಳೆದುಕೊಂಡರು. ಸೂಜಿಯಷ್ಟು ಸಣ್ಣ ಅಕ್ಷರ ಓದಿಬಿಡುವ ಅವರ ಕಣ್ಣಿಗೆ ಎದುರಿಗೆ ಕೂತವನ ಮುಖ ಮಾತ್ರ ಕಾಣುವುದಿಲ್ಲ. ಗಟ್ಟಿಯಾಗಿ ಓದಿದರು: "ಎರಡು ಕೈಯಲ್ಲೂ ಆಯುಧವಿದ್ದವನು ಒಂದು ಕೈಯಿಂದ ಹೊಡೆದ ಮೇಲೆ ಇನ್ನೊಂದು ಕೈಯಿಂದಲೂ ಒಂದು ಸಲ ಹೊಡೆಯಬಹುದು."

"ಹೊಡೆದ ಮೇಲೆ ಅಂತಿದೆ ಸರ್. ನಾನೆಲ್ಲಿ ಹೊಡೆದೆ? ಗಾಳಿಗೆ ಬೀಸ್ದೆ."

"ಬೀಸಿದ್ರೆ ಹೊಡೆದ ಹಾಗೇ ಅಲ್ವೇ?"

"ತಗುಲಿದ್ರೆ ತಾನೇ ಹೊಡೆದಂಗೆ?"

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳಲು ಇಷ್ಟೊಂದು ವಾದ ಮಾಡುವ ಆಟಗಾರನನ್ನು ಅಕ್ಕ ಕಂಡಿರಲಿಲ್ಲ. ಜೇಬಿನೊಳಗೆ ಮಡಚಿಕೊಂಡ ಆ ಕೈ ನೋಡಿದಾಗ ಅವಳಿಗೆ ಎಲ್ಲವೂ ಅರ್ಥವಾಯಿತು. ಇಬ್ಬರ ಮುಂದೆ ಅದನ್ನು ಈಚೆ ತೆಗೆಯುವುದಕ್ಕಿಂತ ತನ್ನ ವೀರ ಸಾಯುವುದೇ ವಾಸಿ ಅವನಿಗೆ.

"ಮೇಡಂ, ಬರೆದವರು ನೀವು. ನೀವೇ ಹೇಳಿ."

ಬರೆದವಳು ಅವಳೇ, ನಿಜ. ಎರವಲು ತಂದ ಆಟದ ಇಂಗ್ಲಿಷ್ ಪುಸ್ತಕ ಹಿಂದಿರುಗಿಸುವ ಆತುರದಲ್ಲಿ ನಿಯಮಗಳನ್ನೆಲ್ಲ ಕನ್ನಡಕ್ಕೆ ಇಳಿಸಿಕೊಂಡಿದ್ದಳು. ಮೂಲದಲ್ಲಿ ಏನಿತ್ತೋ, ಈಗ ದೇವರಿಗೇ ಗೊತ್ತು. ಇಪ್ಪತ್ತು ವರ್ಷದಿಂದ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತ, ಎರಡರ್ಥದ ಮಾತು ಕಂಡಲ್ಲೆಲ್ಲ ಕೆಂಪು ಗೆರೆ ಎಳೆದು ಲೇಖಕರ ಬೆವರಿಳಿಸಿದವಳು ತನ್ನದೇ "ಹೊಡೆದ"ದ ಮುಂದೆ ಕೂತು ಬೆವರಿದಳು. ಇಲ್ಲ ಎಂದರೆ ಗದೆ ಬೀಳುತ್ತದೆ, ತಮ್ಮ ಮನೆ ಸೇರುತ್ತಾನೆ. ಹೌದು ಎಂದರೆ ಕೈ ಈಚೆ ಬರಬೇಕು. ಕನಿಕರ ಅಂತ ಗೊತ್ತಾದರಂತೂ ಈಗಲೇ ಎದ್ದು ಹೋಗುತ್ತಾನೆ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು ಅವಳದು.

"ಒಂದು ಕೇಳ್ತೀನಿ, ನೆಟ್ಟಗೆ ಹೇಳು," ಎಂದಳು ತಮ್ಮನಿಗೆ. "ಬಟ್ಟೆಗೆ ಕತ್ತರಿ ಹಾಕ್ತೀಯ. ಅಳತೆ ತಪ್ಪಿತು. ಗಿರಾಕಿ ಹತ್ರ, ತಪ್ಪಿದ್ರಿಂದ ನಾನು ಕತ್ತರಿ ಹಾಕೇ ಇಲ್ಲ ಅಂತೀಯಾ?"

ತಮ್ಮ ಬಲಗೈಯಿಂದ ದಾಳವನ್ನು ಮೇಜಿನ ಮೇಲೆ ತಿರುವುತ್ತ ಕೂತ.

"ಹೊಡೆದಿದ್ದೀಯ. ತಪ್ಪಿದೆ, ಅಷ್ಟೇ. ಎಡಗೈ ಏಟು ಬಾಕಿ ಇದೆ."

"ಬಲಗೈಲೇ ಹಾಕ್ತೀನಿ."

"ಆ ನಿಯಮ ಮಾಡಿದ್ದು ನಾನಲ್ಲ."

ತನ್ನ ದನಿ ಇಷ್ಟು ಒರಟಾಗಿ ಬಂದದ್ದಕ್ಕೆ ಅವಳಿಗೇ ಭಯವಾಯಿತು. ತಮ್ಮ ಅವಳನ್ನೇ ದುರುಗುಟ್ಟಿ ನೋಡಿದ. ಕುರ್ಚಿ ಹಿಂದಕ್ಕೆ ಸರಿದಾಗ ಹೊರಟೇಬಿಟ್ಟ ಅಂದುಕೊಂಡಳು. ಅವನು ಹೊರಟಿರಲಿಲ್ಲ. ಕೂತಿದ್ದರೆ ಜೇಬಿನಿಂದ ಕೈ ಸಲೀಸಾಗಿ ಬರುವುದಿಲ್ಲ, ಅದಕ್ಕೇ ಅರ್ಧ ಎದ್ದಿದ್ದ. ಕೈ ಮೇಜಿನ ಮೇಲೆ ಬಂತು. ಬಡಕಲಾಗಿತ್ತು, ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಕನ್ನಡಕದಂಗಡಿಯವರಿಗೆ ಆಗ ಕಂಡಿತು. ಅವರು ನೋಟ್‌ಬುಕ್ಕಿನಲ್ಲಿ ತಲೆ ಹುದುಗಿಸಿದರು.

ಹಿಡಿಯಲು ಹೋದರೆ ದಾಳ ಜಾರಿತು. ಮತ್ತೆ ಜಾರಿತು. ಮೂರನೇ ಸಲ ಅವನು ಸಿಟ್ಟಿನಿಂದ ಅಂಗೈ ಅಂಚಿನಲ್ಲೇ ತಳ್ಳಿದ. ಅದು ಮೇಜು ದಾಟಿ ನೆಲಕ್ಕೆ ಬಿತ್ತು. ಕನ್ನಡಕದಂಗಡಿಯವರು ಬಗ್ಗಿ ನೋಡಿ, "ಹದಿನೆಂಟು! ದೈತ್ಯ ಮಟಾಷ್!" ಎಂದು ಕೂಗಿದರು.

ಹೂಂ ಎಂದುಬಿಡುವ ಆಸೆ ಅಕ್ಕನ ನಾಲಿಗೆ ತುದಿಗೆ ಬಂತು. ಒಂದೇ ಮಾತು, ಎಲ್ಲವೂ ಉಳಿಯುತ್ತಿತ್ತು. ಆದರೆ ತಮ್ಮ ದಾಳ ನೋಡುತ್ತಿರಲಿಲ್ಲ, ಅವಳ ಮುಖ ನೋಡುತ್ತಿದ್ದ.

"ಮೇಜಿನ ಮೇಲೆ ಬಿದ್ದಿಲ್ಲ. ಲೆಕ್ಕಕ್ಕಿಲ್ಲ," ಎಂದಳು. "ಮತ್ತೆ ಹಾಕು."

"ಮೇಡಂ, ಪಾಪ..." ಎಂದು ಕನ್ನಡಕದಂಗಡಿಯವರು ಶುರುಮಾಡಿದರು.

"ಸುಮ್ನಿರಿ ಸರ್. ಸರಿಯಾಗೇ ಹೇಳಿದ್ದಾಳೆ," ಎಂದ ತಮ್ಮ.

ಈ ಸಲ ಆತುರ ಮಾಡಲಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ದಾಳ ಸಿಕ್ಕಿಸಿಕೊಳ್ಳಲು ಎಷ್ಟು ಹೊತ್ತು ಹಿಡಿಯಿತೋ, ಯಾರೂ ಗಡಿಯಾರ ನೋಡಲಿಲ್ಲ. ಒಂದು ಗೇಣು ಎತ್ತಿ ಬಿಟ್ಟ. ನಾಲ್ಕು ಬಿತ್ತು.

ನಿಯಮ ನಿಯಮವೇ. ಅಕ್ಕ ದೈತ್ಯನ ಪರವಾಗಿ ದಾಳ ಹಾಕಿದಳು. ಹತ್ತೊಂಬತ್ತು. ಗದೆ ಬಿತ್ತು, ಜೋಡಿಕತ್ತಿಯವನು ಸೇತುವೆಯಿಂದ ಹೊಳೆಗೆ ಉರುಳಿದ. ಮುಗಿಯಿತು, ಕೈಯಾರೆ ತಮ್ಮನನ್ನು ಕಳೆದುಕೊಂಡೆ ಎಂದುಕೊಂಡಳು ಅಕ್ಕ.

"ದರಿದ್ರ ಕೈ. ನಾಲ್ಕು ಹಾಕ್ತು ನೋಡು," ಎಂದು ತಮ್ಮ ಬೈದ. ಆಮೇಲೆ, "ಒಂದು ಖಾಲಿ ಹಾಳೆ ಕೊಡಕ್ಕ," ಎಂದ.

ಕೊಟ್ಟಳು. ಬಲಗೈಯಲ್ಲಿ ಪೆನ್ಸಿಲ್ ಹಿಡಿದ. ಹಾಳೆ ಜಾರದಂತೆ ಅದರ ಮೇಲೆ ಎಡಗೈ ಇಟ್ಟುಕೊಂಡ.

"ಇವನಿಗೂ ಎರಡು ಕತ್ತಿ."