ಗದ್ದ ಸುಳ್ಳು ಹೇಳುವುದಿಲ್ಲ

ನ್ಯಾಮಿಜಿ ಬಾಗಿಲಿಗೆ ಅಡ್ಡ ಮಲಗಿಬಿಟ್ಟಳು. ಚಟ್ಟ ಎತ್ತಲು ಬಂದ ನಾಲ್ವರು ಗಂಡಸರು ಹೊಸ್ತಿಲಾಚೆಯೇ ನಿಂತರು. ಸತ್ತ ಚೌಸಿಕುವಿನ ಹಳದಿ ಖಾಂಗಾ ಬಟ್ಟೆ ಉಟ್ಟು, ಅವಳದೇ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಟೀವಿಯ ರಿಮೋಟನ್ನು ಒಬ್ಬೊಬ್ಬರ ಕಡೆಗೂ ತಿರುಗಿಸುತ್ತ ಅವಳದೇ ದನಿ ತೆಗೆದಳು.

"ತಡೀರಿ, ತಡೀರಿ. ಈ ಉದ್ದಕ್ಕಿರೋನ ಗದ್ದ ನೋಡಿ. ಕಣ್ಣಲ್ಲಿ ನೀರು, ಗದ್ದದಲ್ಲಿ ಅಲುಗಾಟವೇ ಇಲ್ಲ. ಹದಿನಾರನೇ ಕಂತಿನಲ್ಲಿ ವಿಷ ಹಾಕೋನು ಇವ್ನೇ."

ಚಾಪೆಗಳ ಮೇಲೆ ಕುಳಿತಿದ್ದ ಹೆಂಗಸರು ಅಳುವಿನ ನಡುವೆಯೇ ಕಿಸಕ್ಕನೆ ನಕ್ಕರು. ಯಾರೂ ಅವಳನ್ನು ಗದರಲಿಲ್ಲ. ನ್ಯಾಮಿಜಿ ನ್ಯಾಮ್ವೇಜಿ ಕುಲದವಳು, ಚೌಸಿಕು ಜರಾಮೊ. ಎರಡು ಕುಲಗಳಿಗೂ ಅಜ್ಜಂದಿರ ಕಾಲದಿಂದ ಗೇಲಿಯ ನಂಟು. ಸತ್ತವರ ಬಟ್ಟೆ ಉಟ್ಟು ಅವರನ್ನೇ ಅಣಕಿಸುವುದು, ಬೇರೆಯವರು ಬಾಯಿಬಿಡಲಾಗದ್ದನ್ನು ನಾಲ್ಕು ಜನರ ಮುಂದೆ ಆಡಿಬಿಡುವುದು ಅವಳ ಹಕ್ಕು. ಅವಳು ಬಾರದಿದ್ದರೇ ಮನೆಯವರು ಮುನಿಸಿಕೊಳ್ಳುತ್ತಿದ್ದರು.

ಚೌಸಿಕುವಿನ ಮಗಳು ರಿಜಿಕಿ ಮಾತ್ರ ನಗಲಿಲ್ಲ. ಅವಳ ಕಣ್ಣು ಗೇಟಿನಾಚೆ ಮಾವಿನ ಮರದ ಬುಡದಲ್ಲಿ ಕಪ್ಪು ಕೊಡೆ ಹಿಡಿದು ನಿಂತಿದ್ದ ಗಂಡಸಿನ ಮೇಲಿತ್ತು. ಮರದ ನೆರಳಿದ್ದರೂ ಅವನು ಕೊಡೆ ಮಡಿಸಿರಲಿಲ್ಲ.

"ಅವ್ನೇನಾ?" ಸೋದರತ್ತೆ ಮ್ವಂತುಮು ಅವಳ ಕಿವಿಯ ಹತ್ತಿರ ಬಾಗಿದಳು.

"ಯಾರು ಅತ್ತೆ?"

"ನನ್ನ ಹತ್ರ ಆಟ ಬೇಡ. ವಾರಕ್ಕೆರಡು ದಿನ ನಿಮ್ಮಮ್ಮ ಮುಖಕ್ಕೆ ಎಣ್ಣೆ ಹಚ್ಕೊಂಡು ಹೋಗ್ತಿದ್ಳಲ್ಲ, ಅವ್ನೇನಾ ಅಂದೆ. ನಮ್ಮಣ್ಣ ಸತ್ತು ವರ್ಷ ತುಂಬೋಕೆ ಮುಂಚೆ ಶುರುವಾಯ್ತು ಈ ತಿರುಗಾಟ. ಅವ್ನು ಬದುಕಿದ್ದಾಗ ಇರ್ಲಿಲ್ಲ ಅಂತ ಏನು ಗ್ಯಾರಂಟಿ? ಈಗ ಚಟ್ಟ ಎತ್ತೋ ಮುಂಚೆ ಶೇಖ್ ಬಂದು ಎಲ್ರೂ ಕ್ಷಮಿಸಿದ್ರಾ ಅಂತಾರೆ. ನಾನಂತೂ ಬಾಯಿ ತೆಗೆಯಲ್ಲ."

ಗಂಡನ ಕಡೆಯ ಒಬ್ಬಳೇ ಒಬ್ಬಳು ಕ್ಷಮಿಸದೆ ಚಟ್ಟ ಎದ್ದರೆ ಓಣಿಯ ಬಾಯಿಗೆ ಬೇರೇನೂ ಬೇಕಿರಲಿಲ್ಲ. ಅತ್ತೆಯನ್ನು ಹೇಗೆ ಒಪ್ಪಿಸುವುದು ಎಂದು ರಿಜಿಕಿಗೆ ತಿಳಿಯಲಿಲ್ಲ. ಅದಕ್ಕಿಂತ ಕಷ್ಟದ್ದು ಇನ್ನೊಂದಿತ್ತು: ತಾನಾದರೂ ಕ್ಷಮಿಸಿದ್ದೇನೆಯೇ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

*

ಬೆಳಿಗ್ಗೆ ಎಂಬಗಾಲ ಬಡಾವಣೆಯ ಬಸ್ ನಿಲ್ದಾಣದಲ್ಲಿ ಕುಳಿ ಬಾಣಲೆಯಿಟ್ಟು ಪಡ್ಡಿನಂಥ ಅಕ್ಕಿಯ ವಿತುಂಬುವಾ ಸುಟ್ಟು ಮಾರುವುದು ಚೌಸಿಕುವಿನ ಕೆಲಸ. ಸಂಜೆ ಟೀವಿಯ ಮುಂದೆ ಕುಳಿತು ಯಾರನ್ನೂ ನಂಬದಿರುವುದು ಅವಳ ಇನ್ನೊಂದು ಕೆಲಸ. ಓಣಿಯ ಹೆಂಗಸರೆಲ್ಲ ಅವಳ ಮನೆಯಲ್ಲೇ ಸೇರುತ್ತಿದ್ದರು. ಅರ್ಧ ಡ್ರಾಮಾ ನೋಡಲು, ಇನ್ನರ್ಧ ಅವಳ ಮಾತು ಕೇಳಲು.

"ಕೊರಿಯಾದವ್ರು ಕೈ ಹಿಡ್ಕೊಳ್ಳೋಕೆ ಹತ್ತು ಕಂತು ತಗೋತಾರೆ. ಚೀನಾದವ್ರು ಒಂದು ಬಟ್ಟಲು ಚಹಾ ಕುಡಿಯೋಕೆ ಹತ್ತು ಕಂತು. ಆದ್ರೆ ಚೀನಾದ ಚಹಾದಲ್ಲಿ ಏನಾದ್ರೂ ಬೆರೆಸಿರ್ತಾರೆ, ಕಾದಿದ್ದಕ್ಕೆ ಮೋಸ ಇಲ್ಲ."

ಸಿಯೋಲಿನ ಸಾಹುಕಾರ ಅತ್ತೆ ಸೊಸೆಯ ಮುಖಕ್ಕೆ ನೀರು ಎರಚಿದರೆ ಚೌಸಿಕುವಿಗೆ ಸಿಟ್ಟು ಬರುತ್ತಿತ್ತು. "ಮನೇಲಿ ನಲ್ಲಿ ಇದೆ, ಅದಕ್ಕೇ ಈ ಪೊಗರು. ಇಲ್ಲಿ ಬಂದು ಬಕೆಟ್ ಹೊತ್ತು ತಂದು ಎರಚ್ಲಿ ನೋಡೋಣ." ಅಪಘಾತದಲ್ಲಿ ನೆನಪು ಕಳೆದುಕೊಂಡ ನಾಯಕನನ್ನಂತೂ ಅವಳು ಒಂದು ದಿನವೂ ನಂಬಲಿಲ್ಲ. "ಹೆಂಡ್ತಿ ಮರೆತುಹೋದ್ಳು, ಆ ಎರಡು ಕಡ್ಡಿಯಲ್ಲಿ ಅನ್ನ ತಿನ್ನೋದು ಮರೀಲಿಲ್ಲ. ನಾಟಕ."

ಅವಳ ದೊಡ್ಡ ಗುಮಾನಿ ಇದ್ದದ್ದು ಆ ದನಿಯ ಮೇಲೆ. ಚಿತ್ರ ಕೊರಿಯಾದ್ದೋ ಚೀನಾದ್ದೋ ಇರಲಿ, ಅದರ ಮೇಲೆ ಸ್ವಾಹಿಲಿ ಮಾತು ಹೇರುತ್ತಿದ್ದವನು ಡಿಜೆ ಕಿನಾಂದ ಎಂಬ ಒಬ್ಬನೇ ಗಂಡಸು. ರಾಜ ಅವನೇ, ರಾಣಿ ಅವನೇ, ತೊಟ್ಟಿಲ ಕೂಸೂ ಅವನೇ. ಅವನ ಮುಖ ಕಂಡವರು ಓಣಿಯಲ್ಲಿ ಯಾರೂ ಇರಲಿಲ್ಲ.

"ಆ ಹೆಂಗಸು ಅಷ್ಟೊತ್ತು ಮಾತಾಡಿದ್ಳು. ಇವ್ನು ಹೇಳಿದ್ದು 'ಸರಿ, ಹೋಗು' ಅಂತ. ಉಳಿದಿದ್ದು ಎಲ್ಲಿಗೆ ಹೋಯ್ತು?" ಚೌಸಿಕು ಪರದೆಯ ಹತ್ತಿರ ಹೋಗಿ ಬೆರಳಿಡುತ್ತಿದ್ದಳು. "ಗದ್ದ ನೋಡಿ. ಬಾಯಿ ಏನು ಬೇಕಾದ್ರೂ ಹೇಳುತ್ತೆ, ಗದ್ದ ಸುಳ್ಳು ಹೇಳಲ್ಲ. ಇವ್ನು ನಮ್ಮ ಮಾತು ನುಂಗ್ತಾ ಇದಾನೆ."

ಒಂದು ದಿನ ಡ್ರಾಮಾದ ಡಿಸ್ಕನ್ನು ಸೆರಗಿಗೆ ಸುತ್ತಿಕೊಂಡು ಅವನ ಮೇಲೆ ಜಗಳಕ್ಕೆ ಹೊರಟಳು. ಜಗಳ ಆಯಿತೋ ಇಲ್ಲವೋ ಯಾರಿಗೂ ಹೇಳಲಿಲ್ಲ. ಆದರೆ ಆಮೇಲೆ ಕಂತುಗಳು ಸುಧಾರಿಸಿದವು. ಕೊರಿಯಾದವರು ಈಚೆಗೆ ಚೆನ್ನಾಗಿ ಬರೆಯುತ್ತಿದ್ದಾರೆ ಎಂದು ಹೆಂಗಸರು ಮಾತಾಡಿಕೊಂಡರು. ಚೌಸಿಕು ತಲೆ ತಗ್ಗಿಸಿ ಬೆಂಡೆಕಾಯಿ ಹೆಚ್ಚುತ್ತಿದ್ದಳು.

*

ಅತ್ತೆಯ ಚಾಡಿ ಕೇಳಿ ಕೇಳಿ, ಮೂರು ತಿಂಗಳ ಹಿಂದೆ ಒಂದು ಮಂಗಳವಾರ ರಿಜಿಕಿ ತಾಯಿಯ ಹಿಂದೆಯೇ ನಡೆದಿದ್ದಳು. ಪೆಟ್ರೋಲ್ ಬಂಕಿನ ಹಿಂದೆ ಒಂದು ಕೋಣೆ. ಕಿಟಕಿಗೆ ಹಳೆಯ ಹಾಸಿಗೆಯ ಸ್ಪಂಜು ತುರುಕಿತ್ತು. ತೆಳ್ಳಗಿನ ಗಂಡಸೊಬ್ಬ ತಾಯಿಯನ್ನು ಒಳಗೆ ಬಿಟ್ಟುಕೊಂಡು ಚಿಲಕ ಹಾಕಿದ.

ರಿಜಿಕಿ ತನ್ನ ನೀಲಿ ರಬ್ಬರ್ ಚಪ್ಪಲಿ ಕೆಳಗೆ ಬಿಟ್ಟು ಮೆಟ್ಟಿಲೇರಿದಳು. ತಟ್ಟಲು ಎತ್ತಿದ ಕೈ ಹಾಗೇ ನಿಂತಿತು. ಒಳಗಿನಿಂದ ತಾಯಿಯ ದನಿ ಬಂತು: "ಇಷ್ಟು ವರ್ಷ ನಿನಗೋಸ್ಕರ ಕಾದೆ. ಈಗ ಹೋದ್ರೆ ಮತ್ತೆ ಬರಬೇಡ." ಆಮೇಲೆ ಬಿಕ್ಕಿ ಬಿಕ್ಕಿ ಅಳು. ಅಪ್ಪ ಸತ್ತಾಗಲೂ ಅಮ್ಮ ಹಾಗೆ ಅತ್ತಿರಲಿಲ್ಲ. ರಿಜಿಕಿ ಚಪ್ಪಲಿ ಮೆಟ್ಟಿ ಹೊರಟುಬಂದಳು.

ಆಮೇಲೆ ಫೋನು ಎತ್ತಲಿಲ್ಲ. ತಾಯಿ ಎರಡು ಸಲ ಕಳಿಸಿದ ವಿತುಂಬುವಾದ ಡಬ್ಬಿಯನ್ನು ಹಾಗೆಯೇ ಪಕ್ಕದ ಮನೆಗೆ ಕೊಟ್ಟಳು. ನಿನ್ನೆ ಸಂಜೆ ಬಾಣಲೆ ತೊಳೆಯುತ್ತ ಕುಳಿತಿದ್ದ ಚೌಸಿಕು ಕುಳಿತಲ್ಲೇ ಪಕ್ಕಕ್ಕೆ ವಾಲಿದ್ದಳು.

*

"ಈಕೆಯಿಂದ ಯಾರ ಮನಸ್ಸಾದ್ರೂ ನೊಂದಿದ್ರೆ ಈಗಲೇ ಹೇಳಿ. ಇಲ್ಲದಿದ್ರೆ ಕ್ಷಮಿಸಿ," ಎಂದರು ಶೇಖ್.

"ಕ್ಷಮಿಸಿದೀವಿ," ಎಂದಿತು ಅಂಗಳ.

ಮ್ವಂತುಮು ತುಟಿ ಬಿಗಿದು ಕುಳಿತಳು. ರಿಜಿಕಿಯ ನಾಲಿಗೆಯೂ ಏಳಲಿಲ್ಲ. ಶೇಖ್ ಕಾದರು. ನ್ಯಾಮಿಜಿ ಕನ್ನಡಕ ಮೇಲೇರಿಸಿ ಇಬ್ಬರನ್ನೂ ನೋಡಿದಳು.

"ಎರಡು ಗದ್ದ ಕಲ್ಲಾಗಿವೆ ಇಲ್ಲಿ," ಎಂದವಳೇ ಎದ್ದು ಹೋಗಿ, ಮರದ ಕೆಳಗಿದ್ದವನನ್ನು ಕೊಡೆಯ ಸಮೇತ ಬಾಗಿಲಿಗೆ ಎಳೆದುತಂದಳು. "ಕತೆಯ ನಾಯಕ ಹೊರಗೇ ನಿಂತ್ರೆ ಕಂತು ಮುಗಿಯೋದು ಹೇಗೆ?"

"ಬಿಡಿ ಅಕ್ಕಾ, ಅವರ ಮುಖ ದೂರದಿಂದ ನೋಡಿ ಹೋಗ್ತೀನಿ ಅಂತ ಬಂದೆ," ಎಂದ ಅವನು.

ಚಾಪೆಗಳ ಮೇಲೆ ಅಳುತ್ತಿದ್ದವರೂ ಪಿಸುಗುಡುತ್ತಿದ್ದವರೂ ಒಟ್ಟಿಗೆ ತಲೆಯೆತ್ತಿದರು. ದಿನಾ ಸಂಜೆ ಕೇಳಿದ ದನಿ ಅದು. ಎಷ್ಟೋ ರಾಜರು, ಎಷ್ಟೋ ಕೆಟ್ಟ ಅತ್ತೆಯರು ಅದೇ ಗಂಟಲಿನಲ್ಲಿ ಮಾತಾಡಿದ್ದರು.

"ಕಿನಾಂದ," ಎಂದಳು ಯಾರೋ.

ಮ್ವಂತುಮು ಜಗ್ಗಲಿಲ್ಲ. "ಯಾರಾದ್ರೆ ನಂಗೇನು? ಚಿಲಕ ಹಾಕ್ಕೊಂಡು ಏನು ಮಾಡ್ತಿದ್ರಿ?"

"ಬಸ್ಸಿನ ಹಾರ್ನು ರೆಕಾರ್ಡಿಗೆ ಬರುತ್ತೆ ತಾಯಿ, ಅದಕ್ಕೆ ಚಿಲಕ. ನಂಗೆ ಕೊರಿಯನ್ ಬರಲ್ಲ, ಚೀನೀ ಬರಲ್ಲ. ಕೆಳಗೆ ಇಂಗ್ಲಿಷಲ್ಲಿ ಬರೋ ಸಾಲು ನೋಡಿ ಹೇಳ್ತಿದ್ದೆ. ಸಾಲು ಇಲ್ಲದ ಕಡೆ ಬಾಯಿಗೆ ಬಂದದ್ದು. ಇವರು ಬಂದು ಜಗಳ ಆಡಿದ್ರು. ಹಾಗಾದ್ರೆ ನೀವೇ ಹೇಳಿ ಅಂದೆ. ಏಳು ವರ್ಷ ಮುಖ ನೋಡಿ ನೋಡಿ ಅವರು ಹೇಳಿದ್ರು, ನಾನು ಒದರಿದೆ."

"ಅಂದ್ರೆ ಏಳು ವರ್ಷ ನಮಗೆ ಟೋಪಿ ಹಾಕಿದ್ದು ನೀನು?" ಎಂದಳು ಹಿಂದಿನ ಚಾಪೆಯವಳು.

"ನಾನಲ್ಲ, ಅವರು." ಅವನು ಚಟ್ಟದ ಕಡೆ ನೋಡಿದ. ನಾಲ್ಕಾರು ಜನ ನಕ್ಕರು.

"ಸಾಕ್ಷಿ ಮಣ್ಣಿಗೆ ಹೊರಟಿದೆ, ಯಾರು ಏನು ಬೇಕಾದ್ರೂ ಹೇಳ್ಬಹುದು," ಎಂದಳು ಮ್ವಂತುಮು. "ಒಂದು ಗುರುತು ಹೇಳು."

ಕಿನಾಂದ ಕೊಡೆ ಮಡಿಸಿದ. "ಚೀನಾದ ಸೇನಾಪತಿ ಯುದ್ಧದಲ್ಲಿ ಸತ್ತ ಕಂತು. ಅವನ ಹೆಂಡ್ತಿ ನಾದಿನಿ ಹತ್ರ ಬಂದು ಕೂರ್ತಾಳೆ. ಕೆಳಗೆ ಇದ್ದದ್ದು ಬರೀ 'ಧೈರ್ಯ ತಗೋ' ಅಂತ. ಇವರು ಒಪ್ಪಲಿಲ್ಲ. ನಂಗೊಬ್ಬ ನಾದಿನಿ ಇದಾಳೆ, ಅವಳಿಗೆ ಇದನ್ನ ಎದುರಿಗೆ ಹೇಳೋಕೆ ಆಗಿಲ್ಲ, ಇಲ್ಲಾದ್ರೂ ಹೇಳ್ತೀನಿ ಅಂದ್ರು." ಅವನ ದನಿ ಇಳಿದು ಆ ಹೆಂಡತಿಯದಾಯಿತು. "'ಗಂಡ ಸತ್ತೋಳಿಗೆ ಇನ್ನೊಂದು ಮನೆ ಸಿಗಬಹುದು. ಅಣ್ಣನ್ನ ಕಳ್ಕೊಂಡ ನೀನು ಎಲ್ಲಿಗೆ ಹೋಗ್ತೀಯ? ಮೊದಲು ನೀನು ಅಳು, ಆಮೇಲೆ ನಾನು.'"

ಆ ಕಂತಿನ ಸಂಜೆ ಮ್ವಂತುಮು ಇದೇ ಮನೆಯಲ್ಲಿ, ಇದೇ ಗೋಡೆಗೆ ಒರಗಿ ಮೊದಲ ಬಾರಿಗೆ ಅಣ್ಣನಿಗಾಗಿ ಬಾಯಿಬಿಟ್ಟು ಅತ್ತಿದ್ದಳು. ಪಕ್ಕದಲ್ಲಿದ್ದ ಚೌಸಿಕು ಬೆಂಡೆಕಾಯಿಯಿಂದ ಕಣ್ಣೆತ್ತಿರಲಿಲ್ಲ. ಈಗ ಮ್ವಂತುಮು ಚಟ್ಟದ ಅಂಚು ಹಿಡಿದಳು, ಗದ್ದ ನಡುಗಿತು.

"ಕಳ್ಳಿ," ಎಂದಳು. "ಕ್ಷಮಿಸಿದೀನಿ. ಎತ್ತಿ."

ರಿಜಿಕಿ ಕಿನಾಂದನ ಮುಂದೆ ನಿಂತಳು. "ಮೂರು ತಿಂಗಳ ಹಿಂದೆ ಒಂದು ಮಂಗಳವಾರ ಅಮ್ಮ ಒಳಗೆ ಅಳ್ತಿದ್ಳು."

"ಪಾತ್ರ ಅಳೋವಾಗ ನಂಗೆ ಅಳೋಕೆ ಬರ್ತಿರ್ಲಿಲ್ಲ. ತೋರಿಸಿಕೊಡ್ತಿದ್ರು."

ಅವಳು ಅವನ ಗದ್ದ ನೋಡಿದಳು. ಏನೂ ಗೊತ್ತಾಗಲಿಲ್ಲ. ತಾಯಿಯ ಕಣ್ಣು ಅವಳಿಗೆ ಬಂದಿರಲಿಲ್ಲ. "ಕ್ಷಮಿಸಿದೀನಿ," ಎಂದಳು, ಮಾತು ಬಂತು, ಮನಸ್ಸು ಬರಲಿಲ್ಲ. ಕಿನಾಂದ ಜೇಬಿನಿಂದ ಒಂದು ಡಿಸ್ಕ್ ತೆಗೆದು ಅವಳ ಕೈಗಿಟ್ಟ. "ಕಳೆದ ವಾರದ್ದು. ಗಂಟಲು ಕಟ್ಟಿತ್ತು, ತಾಯಿ ಪಾತ್ರ ಅವರ ಹತ್ರಾನೇ ಮಾತಾಡಿಸಿದೆ." ಗಂಡಸರು ಚಟ್ಟ ಎತ್ತಿದರು. ಅವನೂ ಹೆಗಲು ಕೊಡಲು ಓಡಿದ.

*

ಗಂಡಸರು ಮಣ್ಣು ಮಾಡಲು ಹೋದರು, ಹೆಂಗಸರು ಮನೆಯಲ್ಲಿ ಉಳಿದರು. ಟೀವಿಗೆ ಹೊದಿಸಿದ್ದ ಖಾಂಗಾವನ್ನು ನ್ಯಾಮಿಜಿ ಎಳೆದುಹಾಕಿದಳು. ಸೂತಕದ ಮನೆಯಲ್ಲಿ ಅಷ್ಟು ಧೈರ್ಯ ಮಾಡುವುದು ಅವಳೊಬ್ಬಳಿಗೇ ಸಲ್ಲುತ್ತಿತ್ತು. "ಅವ್ನು ಕೊಟ್ಟ ಡಿಸ್ಕ್ ಹಾಕು, ನೋಡೋಣ. ಅವಳಿಗೆ ಕಂತು ತಪ್ಪಿಸಿದ್ರೆ ಆಗ್ತಿರ್ಲಿಲ್ಲ."

ಪರದೆಯ ಮೇಲೆ ಮಂಜು ಬೀಳುತ್ತಿತ್ತು. ಸೈನ್ಯದಿಂದ ಮರಳಿದ ಕೊರಿಯಾದ ಹುಡುಗ ಕರಿಯ ಬೂಟು ತೊಟ್ಟು ಮನೆಯ ಮೆಟ್ಟಿಲ ಕೆಳಗೆ ನಿಂತಿದ್ದ. ಬಾಗಿಲಲ್ಲಿ ಅವನ ಮುದಿ ತಾಯಿ. ಅವಳು ತುಟಿ ತೆರೆದಳು, ಚೌಸಿಕುವಿನ ದನಿ ಬಂತು. ಕೋಣೆಯಲ್ಲಿ ಯಾರೋ ಎದೆ ಹಿಡಿದುಕೊಂಡರು.

"ಆವತ್ತು ನೀನು ಮೆಟ್ಟಿಲ ತನಕ ಬಂದಿದ್ದೆ. ಬಾಗಿಲ ಸಂದಿಯಿಂದ ನಿನ್ನ ಚಪ್ಪಲಿ ಕಂಡೆ. ನೀಲಿ ರಬ್ಬರಿಂದು, ಬಾರು ಕಿತ್ತದ್ದಕ್ಕೆ ತಂತಿ ಕಟ್ಟಿದ್ದು. ನಾನು ಚಿಲಕ ತೆಗೆಯೋ ಹೊತ್ತಿಗೆ ಇರ್ಲಿಲ್ಲ."

"ಚಪ್ಪಲಿ ಎಲ್ಲಿದೆ? ಬೂಟಲ್ವಾ ಹಾಕಿರೋದು?" ಎಂದಳು ಮ್ವಂತುಮು, ಮೂಗು ಒರೆಸಿಕೊಳ್ಳುತ್ತ. "ನೀಲಿಯಂತೆ, ತಂತಿಯಂತೆ. ಸಾಯೋ ಕಾಲಕ್ಕೆ ಕಣ್ಣೇ ಮಂಜಾಗಿತ್ತು ಪಾಪ."

ಹೆಂಗಸರು ಹೌದೆಂದು ತಲೆಯಾಡಿಸಿದರು. ನ್ಯಾಮಿಜಿ ಮಾತ್ರ ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿಗಳ ರಾಶಿಯನ್ನು ಒಮ್ಮೆ ನೋಡಿ, ಕನ್ನಡಕ ತೆಗೆದು, ರಿಜಿಕಿಯ ಮಡಿಲಲ್ಲಿಟ್ಟಳು. ಪರದೆಯ ಮೇಲೆ ತಾಯಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಬಾ, ಬಿಸಿ ಇದೆ. ತಿಂದು ಆಮೇಲೆ ಬೈಯುವೆಯಂತೆ."

ಹುಡುಗ ಬಾಗಿ ಒಂದು ಬೂಟು ಬಿಚ್ಚಿದ, ಆಮೇಲೆ ಇನ್ನೊಂದು. ಎರಡನ್ನೂ ಮೆಟ್ಟಿಲ ಮೇಲೆ ಜೋಡಿಸಿಟ್ಟು ಒಳಗೆ ಹೋದ. ಬೂಟುಗಳ ಮೇಲೆ ಮಂಜು ಬೀಳತೊಡಗಿತು.