ಈ ಸಲದ ಮನೆ ಬಕರಾ

ಊರಿಗೆಲ್ಲ ಟೋಪಿ ಹಾಕಿ ಬದುಕಿದವನಿಗೆ ಕೊನೆಗೆ ಕೈಕೊಟ್ಟದ್ದು ಅವನ ಮುಖವೇ. ಗುಟ್ಟಾಗಿ ಕ್ಯಾಮೆರಾ ಇಟ್ಟು, ವಾರಕ್ಕೊಂದು ಅಂಟುಮೀಸೆ ಹಚ್ಚಿಕೊಂಡು, ಬೀದಿಯಲ್ಲಿ ಹೋಗುವವರ ಕಿವಿಯ ಮೇಲೆ ಹೂವಿಡುವುದು ಟಿವಿಯಲ್ಲಿ ಅವನ ಕಸುಬು. ಒಮ್ಮೆ ಬೂಟಿನ ಅಂಗಡಿಯಲ್ಲಿ ಕೆಲಸಗಾರನಂತೆ ಕೂತು, ಒಬ್ಬ ಮೇಷ್ಟ್ರಿಗೆ ಎರಡೂ ಎಡಗಾಲಿನ ಬೂಟು ತೊಡಿಸಿ, “ತಪ್ಪು ಬೂಟಿಂದಲ್ಲ ಸಾರ್, ನಿಮಗಿರೋದೇ ಎರಡು ಎಡಗಾಲು” ಎಂದು ನಂಬಿಸಿದ್ದ. ಮೇಷ್ಟ್ರು ಬಗ್ಗಿ ತಮ್ಮ ಕಾಲನ್ನು ಅನುಮಾನದಿಂದ ನೋಡಿಕೊಂಡರಲ್ಲ, ಆ ನೋಟಕ್ಕೆ ಮನೆಮನೆಯಲ್ಲೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅವನ ಹೆಸರು ಹೆಂಡತಿಯೊಬ್ಬಳನ್ನು ಬಿಟ್ಟು ಎಲ್ಲರಿಗೂ ಮರೆತುಹೋಯಿತು. ಅವನು ಮೀಸೆಮಾಮನಾದ.

ಹೆಸರಾದದ್ದೇ ತಪ್ಪಾಯಿತು. ಮೋಸ ಮಾಡುವವನನ್ನು ದೂರದಿಂದಲೇ ಗುರುತು ಹಿಡಿದರೆ ಮೋಸ ಮಾಡುವುದಾದರೂ ಹೇಗೆ? ಅವನು ಬಾಯಿ ಬಿಡುವ ಮೊದಲೇ ಜನ ಮೊಬೈಲ್ ತೆಗೆದು ಪಕ್ಕಕ್ಕೆ ಬಂದು ನಿಲ್ಲುತ್ತಿದ್ದರು. ಮೇಕಪ್ಪಿನವಳು ಗೂನು ಬೆನ್ನು ಕಟ್ಟಿದಳು, ಬೊಕ್ಕತಲೆ ಅಂಟಿಸಿದಳು, ಉಬ್ಬುಹಲ್ಲು ತೊಡಿಸಿದಳು. ಬಸ್ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, “ಮೀಸೆಮಾಮ, ಹಲ್ಲು ಜಾರ್ತಾ ಇದೆ, ಸರಿ ಮಾಡ್ಕೋಪ್ಪಾ” ಎಂದು ಕನಿಕರದಿಂದ ಹೇಳಿ ಬಸ್ಸು ಹತ್ತಿದಳು. ಅವನು ಹಲ್ಲು ಕಿತ್ತು ಜೇಬಿಗೆ ಹಾಕಿಕೊಂಡು ಶೂಟಿಂಗಿನ ವ್ಯಾನಿಗೆ ವಾಪಸಾದ.

ಆ ವ್ಯಾನು ಓಡಿಸುತ್ತಿದ್ದವನು ಅವನ ಬಾಮೈದ, ಹೆಂಡತಿಯ ಒಬ್ಬನೇ ತಮ್ಮ. ಎಲ್ಲೂ ನೆಲೆ ಕಾಣದೆ ಅಲೆಯುತ್ತಿದ್ದವನಿಗೆ ಆ ಕೆಲಸ ಕೊಡಿಸಿದ್ದವನು ಭಾವನೇ. ಬಾಮೈದನ ಮುಖವೋ, ಕಣ್ಣೆದುರಿಗಿದ್ದಾಗಲೇ ಮರೆತುಹೋಗುವಂಥದ್ದು. ಬೀದಿ ತುದಿಯ ಅಂಗಡಿಯವನು ಪ್ರತಿ ಸಲವೂ “ಈ ಏರಿಯಾಗೆ ಹೊಸಬ್ರಾ?” ಎಂದು ಕೇಳುತ್ತಿದ್ದ. ಬೇರೆ ದಾರಿ ಕಾಣದೆ ನಿರ್ಮಾಪಕಿ ಒಂದು ದಿನ ಅವನ ಕೈಗೊಂದು ಸ್ಪ್ಯಾನರ್ ಕೊಟ್ಟು, ದೊಡ್ಡ ಆಫೀಸೊಂದರ ಲಿಫ್ಟಿನಲ್ಲಿ ರಿಪೇರಿಯವನಂತೆ ನಿಲ್ಲಿಸಿದಳು. ಅವನು ಒಳಗೆ ಬಂದವರಿಗೆಲ್ಲ ಮೆಲ್ಲಗೆ, “ಹೊಸ ಲಿಫ್ಟು, ಇನ್ನೂ ಭಾರ ಕಲೀತಾ ಇದೆ. ಎಲ್ರೂ ಒಟ್ಟಿಗೆ ಒಂದ್ಸಲ ಎಗರಿ” ಎಂದ. ಕೋಟು ಹಾಕಿದವರು, ಫೈಲು ಹಿಡಿದವರು, ದಪ್ಪ ಕನ್ನಡಕದ ದೊಡ್ಡ ಸಾಹೇಬರು, ಎಲ್ಲರೂ ಎಗರಿದರು. “ಸಾಹೇಬ್ರದ್ದು ಸರಿಯಾಗಿ ಬರ್ಲಿಲ್ಲ” ಎಂದಾಗ ಸಾಹೇಬರು ಇನ್ನೊಮ್ಮೆ ಎಗರಿದರು.

ವ್ಯಾನಿನಲ್ಲಿ ಕೂತು ಪರದೆ ನೋಡುತ್ತಿದ್ದ ಕ್ಯಾಮೆರಾದವನು ನಕ್ಕು ನಕ್ಕು ಕಣ್ಣೊರೆಸಿಕೊಂಡ. ಮೀಸೆಮಾಮ ಪರದೆ ನೋಡಲಿಲ್ಲ, ಅವನನ್ನೇ ನೋಡಿದ. ಇಷ್ಟು ವರ್ಷ ಜೊತೆಗಿದ್ದರೂ ತನ್ನ ತಮಾಷೆಗೆ ಈ ಆಸಾಮಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಲಿಲ್ಲ. ಹೊಟ್ಟೆಯೊಳಗೆ ಅವತ್ತು ಹತ್ತಿದ ಕಿಚ್ಚು ಮತ್ತೆ ಆರಲಿಲ್ಲ.

ಅಲ್ಲಿಂದ ಮುಂದೆ ಜಾಗ ಅದಲುಬದಲಾಯಿತು. ಬಾಮೈದ ಬೀದಿಗೆ, ಮೀಸೆಮಾಮ ವ್ಯಾನಿಗೆ. ಬಾಮೈದನ ಕಿವಿಯೊಳಗೆ ಅವರೆಕಾಳಿನಷ್ಟು ದೊಡ್ಡ ಸ್ಪೀಕರ್. ಏನು ಹೇಳಬೇಕೆಂದು ಮೈಕಿನಲ್ಲಿ ಪಿಸುಗುಟ್ಟುವುದು ಭಾವನ ಕೆಲಸ. ಮಾತು ಇವನದು, ಚಪ್ಪಾಳೆ ಅವನಿಗೆ! ಯಾರ ಮೈ ಉರಿಯುವುದಿಲ್ಲ ಹೇಳಿ? ಒಂದು ದಿನ ಇವನು ಬೇಕೆಂದೇ ಮಾತನ್ನು ತಡಮಾಡಿದ. ಎದುರಿಗಿದ್ದವರು ಪ್ರಶ್ನೆ ಕೇಳಿ ಕಾಯುತ್ತಿದ್ದಾರೆ, ಬಾಮೈದ ಬೆಪ್ಪನಂತೆ ನಿಂತಿದ್ದಾನೆ. ಹಾಳಾಗಿ ಹೋಗಲಿ ಎಂದು ಇವನು ತುಟಿ ಬಿಗಿಹಿಡಿದ. ಆದರೆ ಆ ಪುಣ್ಯಾತ್ಮ ಸುಮ್ಮನೆ ನಿಂತು ಕಣ್ಣು ಮಿಟುಕಿಸಿದ ರೀತಿಗೇ ಜನ ಬಿದ್ದು ಬಿದ್ದು ನಕ್ಕರು. ಮರುವಾರ ಪತ್ರಿಕೆಯೊಂದು ‘ಮಾತಿಗಿಂತ ಈತನ ಮೌನವೇ ಚೆನ್ನ’ ಎಂದು ಬರೆಯಿತು. ಆ ಮೌನವೂ ನನ್ನದೇ ಕಣ್ರೋ ಎಂದು ಕೂಗಿಕೊಳ್ಳಬೇಕೆನಿಸಿತು. ಯಾರ ಮುಂದೆ ಕೂಗುವುದು? ಮನೆಯಲ್ಲಿ ಹೆಂಡತಿ ಆ ಪತ್ರಿಕೆಯನ್ನು ಕತ್ತರಿಸಿ ಫ್ರಿಡ್ಜಿನ ಬಾಗಿಲಿಗೆ ಅಂಟಿಸಿದ್ದಳು. ನೀರಿನ ಬಾಟಲಿ ತೆಗೆಯಲು ಹೋದಾಗಲೆಲ್ಲ ಅದರ ಫೋಟೋದೊಳಗಿಂದ ಬಾಮೈದ ಅವನನ್ನು ನೋಡಿ ನಗುತ್ತಿದ್ದ.

ಇಷ್ಟರಲ್ಲಿ ಸೀಸನ್ ಮುಗಿಯುತ್ತ ಬಂತು. ಮೋಸ ಹೋದವನಿಗೆ ಈ ಜನರ ಬಾಯಲ್ಲಿ ‘ಬಕರಾ’ ಎಂದು ಹೆಸರು. ಪ್ರತಿ ಸೀಸನ್ನಿನ ಕೊನೆಗೆ ತಮ್ಮೊಳಗಿನ ಒಬ್ಬರನ್ನೇ ಬಕರಾ ಮಾಡಿ, ಅದನ್ನೇ ಕೊನೆಯ ಕಂತಾಗಿ ತೋರಿಸುವುದು ಅವರ ಪದ್ಧತಿ. ಅದಕ್ಕೆ ‘ಮನೆ ಬಕರಾ’ ಎನ್ನುತ್ತಿದ್ದರು. ಆ ದಿನಗಳಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ. ಮೇಕಪ್ಪಿನವಳು ಕುರ್ಚಿಯನ್ನು ಅಲುಗಾಡಿಸಿ ನೋಡದೆ ಕೂರುವುದಿಲ್ಲ, ಸೌಂಡಿನವನು ಬೇರೆಯವರು ಕೊಟ್ಟ ಟೀ ಕುಡಿಯುವುದಿಲ್ಲ.

ಈ ಸಲದ ಬಕರಾ ತಾನೇ ಎಂಬುದು ಮೀಸೆಮಾಮನಿಗೆ ಖಾತ್ರಿಯಾಗಿತ್ತು. ತಾನು ಕೋಣೆಗೆ ಕಾಲಿಟ್ಟರೆ ನಿರ್ಮಾಪಕಿ ಮಾತು ನಿಲ್ಲಿಸುತ್ತಾಳೆ. ಬಾಮೈದ ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಹೆಂಡತಿ ಫೋನು ಹಿಡಿದು ಬಾಲ್ಕನಿಗೆ ಹೋಗುತ್ತಾಳೆ. ಮಾಡಲಿ, ನೋಡೇಬಿಡೋಣ ಎಂದುಕೊಂಡ.

ಭಾನುವಾರ ಬೆಳಿಗ್ಗೆ ಬಾಮೈದ ಹೇಳದೆ ಕೇಳದೆ ಮನೆಗೆ ಬಂದ. ಹಾಲಿನ ಗೋಡೆಯಲ್ಲಿ ಹೊಸ ಗಡಿಯಾರವೊಂದಿತ್ತು, ನಿನ್ನೆ ಇರಲಿಲ್ಲ. ಅದರ ಕೆಳತುದಿಯಲ್ಲೊಂದು ಕಪ್ಪು ಚುಕ್ಕೆ ಸೋಫಾ ಕಡೆಗೇ ನೋಡುತ್ತಿತ್ತು. ಮೀಸೆಮಾಮ ಮನಸ್ಸಿನಲ್ಲೇ ನಕ್ಕ. ಅಯ್ಯೋ ಮಕ್ಕಳಾ, ಗಡಿಯಾರದಲ್ಲಿ ಕ್ಯಾಮೆರಾ ಇಡುವುದನ್ನು ನಿಮಗೆ ಕಲಿಸಿದವನೇ ನಾನು. ಎಡಗೆನ್ನೆ ಚೆನ್ನಾಗಿ ಕಾಣುವಂತೆ ಸ್ವಲ್ಪ ಹೊರಳಿ ಕೂತ.

“ಭಾವ, ಒಂದು ವಿಷ್ಯ ಹೇಳ್ಬೇಕು” ಎಂದ ಬಾಮೈದ. “ಮುಂದಿನ ಸೀಸನ್ ನನ್ನ ಹೆಸರಲ್ಲೇ ಮಾಡ್ತಾರಂತೆ. ನಿಮ್ಮನ್ನ ಬೇಡ ಅಂದ್ಬಿಟ್ರು. ವ್ಯಾನಲ್ಲೂ ಬೇಡ್ವಂತೆ. ನಾನು ಆಗಲ್ಲ ಅಂದೆ. ಭಾವ ಇಲ್ದೇ ನಾನ್ಯಾರು? ನೀವು ಒಂದು ಮಾತು ಬೇಡ ಅನ್ನಿ ಸಾಕು, ಈಗ್ಲೇ ಬಿಟ್ಬಿಡ್ತೀನಿ. ಮತ್ತೆ ವ್ಯಾನ್ ಓಡಿಸ್ಕೊಂಡಿರ್ತೀನಿ. ಹಳೇ ಥರಾನೇ ನೀವೇ ಮಾಡಿ.”

ಭೇಷ್, ಚೆನ್ನಾಗಿ ಕಲಿತಿದ್ದಾನೆ ಎಂದುಕೊಂಡ ಮೀಸೆಮಾಮ. ಉಪಾಯವೂ ಅರ್ಥವಾಯಿತು. ತಾನು ಈಗ ‘ಹೌದು, ಬಿಡು, ಅದು ನನ್ನ ಜಾಗ’ ಎಂದು ಬಾಯಿಬಿಡಬೇಕು, ಮೀಸೆಮಾಮನ ಹೊಟ್ಟೆಕಿಚ್ಚನ್ನು ಊರೆಲ್ಲ ನೋಡಿ ನಗಬೇಕು. ಬಾಯಿ ಬಿಡಲು ನಾಲಿಗೆ ತುರಿಸುತ್ತಲೇ ಇತ್ತು. ಆದರೆ ಅವನೇನು ನಿನ್ನೆ ಮೊನ್ನೆ ಕ್ಯಾಮೆರಾ ಕಂಡವನೇ? ಬಕರಾ ಮಾಡಲು ಬಂದವರನ್ನೇ ಬಕರಾ ಮಾಡಿದರೆ, ಮರುದಿನದಿಂದ ಜನರ ಬಾಯಲ್ಲಿ ಮತ್ತೆ ತನ್ನದೇ ಮಾತು.

ಎದ್ದು ನಿಂತ. ಬಾಮೈದನ ಎರಡೂ ಭುಜ ಹಿಡಿದ.

“ಹುಚ್ಚಪ್ಪಾ, ಬೇಡ ಅನ್ಲಿಕ್ಕೆ ನಾನ್ಯಾರೋ? ನನ್ನ ಕಾಲ ಮುಗೀತು. ನಿಜ ಹೇಳ್ಲಾ? ಲಿಫ್ಟಲ್ಲಿ ನೀನು ಮಾಡಿದ್ದು ನನ್ನ ಕೈಲಿ ಜನ್ಮದಲ್ಲಿ ಆಗ್ತಿರ್ಲಿಲ್ಲ. ನಾನು ಮೀಸೆ ಹಚ್ಕೊಂಡು ನಗಿಸ್ತಿದ್ದೆ, ನೀನು ಏನೂ ಹಚ್ಕೊಳ್ದೇ ನಗಿಸ್ತೀಯ. ನೀನೇ ಮಾಡ್ಬೇಕು. ನನ್ನಾಣೆ.”

ಹೇಳುತ್ತ ಹೇಳುತ್ತ ಗಂಟಲು ಕಟ್ಟಿಸಿಕೊಂಡ, ಒಂದು ಹನಿ ನೀರನ್ನು ಎಡಗೆನ್ನೆಯ ಮೇಲೇ ಇಳಿಸಿದ. ಅಷ್ಟಕ್ಕೂ ಬಿಡದೆ ತಾನೇ ನಿರ್ಮಾಪಕಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, “ಮೇಡಂ, ಮುಂದಿನ ಸೀಸನ್ ಇವ್ನದ್ದೇ. ನನಗೆ ಪೂರ್ತಿ ಒಪ್ಪಿಗೆ” ಎಂದ. ಆ ಕಡೆಯಿಂದ ಅವಳು ಮೂಗು ಸೀಟುತ್ತ, “ನಿಮಗೆ ಹೇಗೆ ಹೇಳೋದು ಅಂತ ವಾರದಿಂದ ನಿದ್ದೆ ಇಲ್ಲ ನನಗೆ. ಇವತ್ತೇ ಚಾನಲ್‌ಗೆ ಹೇಳಿ ಮುಗಿಸ್ತೀನಿ” ಎಂದಳು. ಇವಳೂ ಎಷ್ಟು ಚೆನ್ನಾಗಿ ನಟಿಸುತ್ತಾಳಲ್ಲ ಎಂದು ಮೀಸೆಮಾಮ ತಲೆದೂಗಿದ.

ಈಗ ಅಡುಗೆಮನೆಯಿಂದಲೋ ಬಾಲ್ಕನಿಯಿಂದಲೋ ಕ್ಯಾಮೆರಾದವನು ಹಾರಿ ಬರಬೇಕು. ಯಾರೂ ಬರಲಿಲ್ಲ. ಬಾಮೈದ ಅವನ ಎದೆಗೊರಗಿ ಚಿಕ್ಕ ಮಗುವಿನಂತೆ ಅಳುತ್ತಿದ್ದ, ಅಂಗಿ ನೆನೆಯುತ್ತಿತ್ತು. ಮೀಸೆಮಾಮ ಅವನ ತಲೆಯ ಮೇಲಿಂದಲೇ ಕಿಟಕಿ ಪರದೆಯ ಸಂದಿ ನೋಡಿದ, ಬಾಗಿಲ ಮರೆ ನೋಡಿದ. ಕೊನೆಗೆ ಮೆಲ್ಲಗೆ ಬಿಡಿಸಿಕೊಂಡು ಹೋಗಿ ಗೋಡೆಯ ಗಡಿಯಾರವನ್ನೇ ಇಳಿಸಿ ಹಿಂದೆ ತಿರುಗಿಸಿದ. ಒಂದು ಬ್ಯಾಟರಿ ಇತ್ತು. ಕಪ್ಪು ಚುಕ್ಕೆಯನ್ನು ಉಗುರಿನಿಂದ ಕೆರೆದ. ಬರಿಯ ಬಣ್ಣ.

“ಅದ್ಯಾಕೆ ಇಳಿಸಿದ್ರಿ? ಹಳೇದು ನಿಂತೋಗಿತ್ತು ಅಂತ ನಿನ್ನೆ ಸಂಜೆ ತಂದು ಬೆಳಿಗ್ಗೆ ಹಾಕ್ದೆ” ಎನ್ನುತ್ತ ಹೆಂಡತಿ ಅಡುಗೆಮನೆಯಿಂದ ಬಂದಳು. ಅವಳ ಕಣ್ಣೂ ಕೆಂಪಾಗಿತ್ತು.

ಮೀಸೆಮಾಮ ಗಡಿಯಾರವನ್ನು ಕೈಯಲ್ಲೇ ಹಿಡಿದು, “ಅಲ್ಲಾ, ಈ ಸಲದ ಮನೆ ಬಕರಾ...” ಎಂದು ತೊದಲಿದ.

“ಸೌಂಡಿನವ್ನು ಭಾವ, ಶುಕ್ರವಾರಾನೇ ಆಗೋಯ್ತು” ಎಂದ ಬಾಮೈದ ಮೂಗೊರೆಸಿಕೊಳ್ಳುತ್ತ. “ನೀವು ಬೇಜಾರಲ್ಲಿದ್ರಿ ಅಂತ ಯಾರೂ ನಿಮಗೆ ಹೇಳ್ಲಿಲ್ಲ.”

ಇನ್ನೂ ಹೊತ್ತು ಮೀರಿರಲಿಲ್ಲ. ನಿರ್ಮಾಪಕಿ ಚಾನಲ್ಲಿಗೆ ಫೋನು ಮಾಡುವ ಮೊದಲೇ ಬಾಯಿ ಬಿಡಬಹುದಿತ್ತು. ಅಯ್ಯೋ ತಡೀ, ಕ್ಯಾಮೆರಾ ಇದೆ ಅಂದುಕೊಂಡು ಹೇಳಿದ್ದು, ನಿಜವಾಗಿ ನನಗೆ ಆ ಜಾಗ ಬೇಕು, ನಿನ್ನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ ಎಂದು ಹೇಳಿಬಿಟ್ಟರೆ ಸಾಕು. ಮಾತು ತುದಿನಾಲಿಗೆಯವರೆಗೂ ಬಂತು. ಅಷ್ಟರಲ್ಲಿ ಹೆಂಡತಿ ಹತ್ತಿರ ಬಂದು, ತಮ್ಮ ಎದುರಿಗಿದ್ದಾನೆ ಎಂಬುದನ್ನೂ ಮರೆತು ಗಂಡನ ಕೈ ಹಿಡಿದುಕೊಂಡಳು.

“ನಿಮ್ಮನ್ನ ನಾನು ತಪ್ಪು ತಿಳ್ಕೊಂಡಿದ್ದೆ ಕಣ್ರೀ. ಇವ್ನನ್ನ ಕಂಡ್ರೆ ಹೊಟ್ಟೆಕಿಚ್ಚು ಪಡ್ತೀರಿ ಅಂತ. ಇಂಥಾ ದೊಡ್ಡ ಮನಸ್ಸು ಇದೆ ಅಂತ ಗೊತ್ತೇ ಇರ್ಲಿಲ್ಲ.”

“ಛೆ, ಛೆ. ನಾನಾ?” ಎಂದ ಮೀಸೆಮಾಮ.

ಅವಳು ಒಳಗೆ ಹೋಗಿ ಅವನಿಗೆ ಹಬೆಯಾಡುವ ಕಾಫಿ ತಂದಳು, ಪಕ್ಕದಲ್ಲೇ ಕೂತಳು. ಬಾಮೈದ ನೆಲದ ಮೇಲೆ ಕೂತು, ಭಾವನ ಹಾಗೆ ಮಾತಾಡಲು ಈ ಕಾಲದಲ್ಲಿ ಯಾರಿಗೆ ಬರುತ್ತದೆ ಎಂದು ಅಕ್ಕನಿಗೆ ಮತ್ತೆ ಮತ್ತೆ ಹೇಳುತ್ತಿದ್ದ. ಅವಳು ಮತ್ತೆ ಮತ್ತೆ ಹೂಂಗುಟ್ಟುತ್ತಿದ್ದಳು. ಇಬ್ಬರೂ ಇಷ್ಟು ಪ್ರೀತಿಯಿಂದ ಕೊಂಡಾಡುತ್ತಿದ್ದ ಆ ದೊಡ್ಡ ಮನಸ್ಸಿನ ಮಹರಾಯ ಯಾರೋ ಏನೋ, ಅವನ ಪಾಲಿನ ಕಾಫಿಯನ್ನು ಗುಟುಕರಿಸುತ್ತ ಕೂತ ಮೀಸೆಮಾಮನಿಗೆ ಬಾಮೈದನ ಮೇಲೂ ಎಂದೂ ಆಗಿರದಷ್ಟು ಹೊಟ್ಟೆಕಿಚ್ಚು ಆ ಮನುಷ್ಯನ ಮೇಲಾಯಿತು.