ಜರಡಿಯ ಕೆಳಗಿನ ಅಲಸಂದೆ

ನೀವೇ ಹೇಳಿ, ಇದಕ್ಕೆ ಹೊಟ್ಟೆ ಉರಿಯದೆ ಇನ್ನೇನಾಗಬೇಕು? ಅಲಸಂದೆ ನನ್ನ ತವರಿನದ್ದು. ಮದುವೆಯಾಗಿ ಈ ಮೇಳಿಗೆ ಊರಿಗೆ ಬರುವಾಗ ನನ್ನ ಅವ್ವ ಗುತ್ಯಮ್ಮ ಸೆರಗಿಗೆ ಕಟ್ಟಿ ಕಳಿಸಿದ್ದು. ಹೆಸರು ಮಾತ್ರ ನನ್ನ ಓರಗಿತ್ತಿ ವರದಮ್ಮನದ್ದಾಗಲು ಹೊರಟಿತ್ತು.

ಮನೆ ಹಿಸ್ಸೆಯಾದಾಗ ಬೀಜ ಹಂಚಿದವಳು ಹಿರಿಸೊಸೆ ನಾನೇ. ಜರಡಿ ಹಿಡಿದೆ. ಮೇಲೆ ನಿಂತ ದಪ್ಪ ಕಾಳು ನನಗೆ, ಕೆಳಗೆ ಉದುರಿದ ಸಣ್ಣ ಕೆಂಪು ಕಾಳು ಅವಳಿಗೆ. ನನ್ನ ತವರಿನ ಬೀಜದಲ್ಲಿ ನನಗೆ ಒಳ್ಳೆಯದು ಬೇಡವೇ? ಅವಳು ಮಡಿಲಿಗೆ ಹಾಕಿಕೊಂಡು ಹೋದಳು. ಅಂದಿನಿಂದ ನನ್ನ ಗದ್ದೆಯಲ್ಲಿ ದಪ್ಪದ್ದು, ಬೇಲಿಯಾಚೆ ಅವಳ ಗದ್ದೆಯಲ್ಲಿ ಸಣ್ಣದ್ದು.

ಎಪ್ಪತ್ತೆಂಟರಲ್ಲಿ ಕೃಷಿ ಸಂಶೋಧನೆಯವರು ನಾಟಿ ಬೀಜ ಹುಡುಕುತ್ತಾ ನಮ್ಮ ಕಡೆ ಬಂದರು. ಚಂದ್ರಯ್ಯನೆಂಬ ಸಾಹೇಬರು ನಮ್ಮಿಬ್ಬರ ಮನೆಯಿಂದಲೂ ಕಾಳು ಒಯ್ದರು. ಆರಿಸಿದ ಬೀಜದ ಚೀಟಿಯ ಮೇಲೆ ಕೊಟ್ಟವರ ಹೆಸರು ಬರೆಯುತ್ತಾರಂತೆ. ಅವ್ವ ಸತ್ತು ಆಗಿನ್ನೂ ವರ್ಷ ತುಂಬಿರಲಿಲ್ಲ. ಅವಳ ಹೆಸರು ಬರೆಸಿಯೇ ತೀರುತ್ತೇನೆಂದು ಊರಿಗೆಲ್ಲ ಹೇಳಿಕೊಂಡು ಬಂದೆ.

ಮುಂದಿನ ಬೇಸಗೆಯಲ್ಲಿ ಸಾಹೇಬರು ಮತ್ತೆ ಬಂದರು. ನನ್ನ ಜಗಲಿಯಲ್ಲಿ ಕೂತು, ನಾನು ಮಾಡಿದ ಬೆಲ್ಲದ ಕಾಫಿ ಕುಡಿದು, ವರದಮ್ಮನನ್ನು ಕರೆಸಿದರು.

"ಜಲಜಮ್ಮೋರೆ, ನಿಮ್ಮ ಕಾಳು ನೋಡೋಕೆ ಚೆಂದ. ಆದ್ರೆ ಸತ್ವ ಇರೋದು ಇವ್ರ ಕಾಳಲ್ಲಿ. ಪ್ರೋಟೀನು, ಕಬ್ಬಿಣದಂಶ ಎರಡೂ ಜಾಸ್ತಿ. ಚೆನ್ನಾಗಿ ಇಳುವರಿ ಕೊಡೋ ಜಾತಿ ಜೊತೆ ಇದನ್ನ ಸೇರಿಸಿ ಹೊಸ ತಳಿ ಮಾಡ್ತೀವಿ."

"ಒಂದೇ ಗಂಟಿನ ಬೀಜ ಸ್ವಾಮಿ! ಅದೆಂಗೆ ಬೇರೆ ಆಗ್ತದೆ?" ನನ್ನ ದನಿ ಏರಿತು.

"ನಾಟಿ ಬೀಜ ಅಂದ್ರೆ ಹಂಗೇ. ಒಂದೇ ಗಂಟಲ್ಲಿ ನಾಕಾರು ಜಾತಿ ಇರ್ತವೆ. ದಪ್ಪದ್ದು ಸಣ್ಣದ್ದು ಬೇರೆ ಮಾಡಿದಾಗ ಸತ್ವದ ಜಾತಿ ಆ ಕಡೆ ಹೋಗಿದೆ."

ಮೈಯೆಲ್ಲ ಉರಿದುಹೋಯಿತು. ಸತ್ವವನ್ನೆಲ್ಲ ಜರಡಿ ಹಿಡಿದು ಅವಳ ಮಡಿಲಿಗೆ ಸುರಿದವಳು ನಾನು! ಅವಳೋ, ಕಂಬಕ್ಕೊರಗಿ ಸೆರಗಿನ ತುದಿ ಸುತ್ತುತ್ತಾ ನಿಂತಿದ್ದಾಳೆ. ಅಬ್ಬಾ, ಆ ಸಾಧು ಮುಖವೇ!

ಸಾಹೇಬರು ಪೆನ್ನು ತೆಗೆದರು. "ವರದಮ್ಮೋರೆ, ನಿಮ್ಮ ಹೆಸ್ರು ಬರೀಲಾ?"

"ನನ್ನ ಹೆಸ್ರು ಯಾಕೆ? ಗುತ್ಯಮ್ಮ ಅಂತ ಬರೀರಿ, ಅಕ್ಕನ ಅವ್ವ. ಬೀಜ ಅವ್ರದ್ದು," ಅಂದಳು ವರದಮ್ಮ. "ಅಕ್ಕ ತನ್ನ ಕೈಯಾರೆ ನಂಗೆ ಕೊಟ್ಟಿದ್ದು."

ಕೇಳಿದಿರಾ? ಚೀಟಿಯ ಮೇಲೆ ಅವ್ವನ ಹೆಸರೇನೋ ಬಂತು, ಬರೆಸಿದವಳು ಮಾತ್ರ ಅವಳು. ತನ್ನದೇ ಬರೆಸಿಕೊಂಡಿದ್ದರೆ ಜಗಳ ತೆಗೆದು, ಊರ ತುಂಬ ಬೈದು ಹಗುರಾಗುತ್ತಿದ್ದೆ. ಅದಕ್ಕೂ ದಾರಿ ಬಿಡಲಿಲ್ಲ ಪುಣ್ಯಾತಗಿತ್ತಿ.

ಸಂಜೆ ಒಂದು ಸೇರು ಸಣ್ಣ ಕಾಳು ಹಿಡಿದು ಬಂದಳು. "ತಗಳಿ ಅಕ್ಕಾ, ಬಿತ್ತನೆಗೆ."

ನನ್ನ ಅವ್ವನ ಬೀಜಕ್ಕೆ ಅವಳ ಮುಂದೆ ನಾನು ಸೆರಗು ಒಡ್ಡಿದೆ. ಅವಳು ಬೇಲಿ ದಾಟಿದ್ದೇ ತಡ, ಒಳಗೆ ಹೋಗಿ ಮೊರದಲ್ಲಿ ಹರವಿಕೊಂಡು ಹುಳುಕು ಕಾಳು ಹುಡುಕಿದೆ. ಒಂದೂ ಸಿಗಲಿಲ್ಲ.